ಹೋರಾಟಕ್ಕೆ ಫಾರಿನ್‌ಗೆ ಹೊರಟಿರಾ? ಊರಿನ ಪೇಪರ್‌ಗೂ ಹೇಳಿ!

ನಿಮ್ಮ ಮಹಿಳಾ ಸಂಘದ ನಾಲ್ಕೈದು ಜನ ವಿದೇಶದ ಸಮಾವೇಶಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಚಟ್ನಿಪುಡಿ ಎಲ್ಲ ರೆಡಿ. ಆದರೆ ಊರಿನ ಪತ್ರಿಕೆಗೆ ತಿಳಿಸಿದಿರಾ? ‘ಪ್ರಚಾರ ನಮಗ್ಯಾಕ್ರೀ’ ಅಂತ ಸುಮ್ಮನಾಗಬೇಡಿ. ನೀವು ಹೇಳದಿದ್ದರೆ ಬೀದಿಯಲ್ಲಿ ಬೇರೆಯದೇ ಸುದ್ದಿ ಹುಟ್ಟುತ್ತೆ, ‘ಯಾರದೋ ದುಡ್ಡಲ್ಲಿ ಸುತ್ತೋಕೆ ಹೋಗಿದಾರೆ’ ಅಂತ. ಅದೂ ಅಲ್ಲದೆ, ನಿಮ್ಮ ಸಮಸ್ಯೆ ಬಗೆಹರಿಸಬೇಕಾದ ಅಧಿಕಾರಿ ಇರೋದು ಇಲ್ಲೇ ತಾನೆ? ಅವರು ಓದೋದು ನಮ್ಮ ಪೇಪರನ್ನೇ.

ಭೋಪಾಲದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅವರನ್ನೇ ನೋಡಿ. 1984ರ ಅನಿಲ ದುರಂತದಲ್ಲಿ ಬದುಕುಳಿದವರು. ಯೂನಿಯನ್ ಕಾರ್ಬೈಡ್ ಕಂಪನಿಯನ್ನು 2001ರಲ್ಲಿ ಡೌ ಕೆಮಿಕಲ್ ಕೊಂಡಾಗ, ಇವರು ಪೊರಕೆ ಹಿಡಿದು ‘ಝಾಡೂ ಮಾರೋ ಡೌ ಕೋ’ ಎಂದರು. 2003ರಲ್ಲಿ ಅಮೆರಿಕದ ಊರೂರು ಸುತ್ತಿ, ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನಲ್ಲಿ 12 ದಿನ ಉಪವಾಸ ಕೂತರು. 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಹಣದಿಂದ ಭೋಪಾಲದ ನ್ಯೂನತೆಯುಳ್ಳ ಮಕ್ಕಳಿಗಾಗಿ ಚಿಂಗಾರಿ ಟ್ರಸ್ಟ್ ಕಟ್ಟಿದರು. ನಮ್ಮ ರಾಜ್ಯ ರೈತ ಸಂಘವೂ ಅಷ್ಟೇ. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಜತೆ ನೂರಾರು ರೈತರು ಯೂರೋಪಿಗೆ ಹೋದರು.

ಇಬ್ಬರಲ್ಲೂ ಒಂದು ಗುಟ್ಟಿದೆ. ಕಾಲಿಟ್ಟದ್ದು ಪರದೇಶದಲ್ಲಾದರೂ ಮಾತು ಮನೆಯದೇ: ಒಬ್ಬರದು ಭೋಪಾಲದ ನೀರು, ಇನ್ನೊಬ್ಬರದು ನಮ್ಮ ಹೊಲದ ಬೀಜ. ವರದಿಗಾರರು ಹುಡುಕೋದೂ ಇದನ್ನೇ. ‘ವಿದೇಶ ಪ್ರವಾಸ’ ಸುದ್ದಿಯಲ್ಲ, ‘ನಮ್ಮ ಕೆರೆಯ ಕಥೆ ಹೇಳಲು ಹೊರಟ ಮಹಿಳೆಯರು’ ಅನ್ನೋದು ಸುದ್ದಿ!

ಹಾಗಾದರೆ ಏನು ಮಾಡಬೇಕು?

* ಹೊರಡುವ ಎಂಟು ಹತ್ತು ದಿನ ಮೊದಲೇ ಒಂದೇ ಪುಟದ ಪತ್ರ ಬರೆದು ನಿಮ್ಮ ಭಾಗದ ವರದಿಗಾರರ ಕೈಗೆ ಕೊಡಿ. ಯಾರು, ಯಾವ ಏರಿಯಾ, ಯಾಕೆ ಹೋಗುತ್ತಿದ್ದೀರಿ, ಎಲ್ಲವೂ ಸರಳ ಕನ್ನಡದಲ್ಲಿರಲಿ.

* ಖರ್ಚು ಯಾರದು ಅನ್ನೋದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ವಿದೇಶಿ ಸಂಸ್ಥೆ ಖರ್ಚು ನೋಡಿಕೊಳ್ಳುತ್ತಿದ್ದು, ತಂಡದಲ್ಲಿ ಸರ್ಕಾರಿ ನೌಕರರಿದ್ದರೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು, ಮರೆಯಬೇಡಿ.

* ಅಲ್ಲಿಂದ ರಾಶಿ ಫೋಟೊ ಕಳಿಸಬೇಡಿ. ಕೆಲಸದಲ್ಲಿರುವ ಒಂದೇ ಫೋಟೊ, ಎಡದಿಂದ ಬಲಕ್ಕೆ ಹೆಸರು ಸಾಕು. ಶಾಪಿಂಗ್ ಫೋಟೊ ಮನೆಯವರಿಗಿರಲಿ!

* ಗಡಿಯಾರ ನೋಡಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗ್ಗೆ 9 ಅಂದರೆ ನಮ್ಮ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ತಡಮಾಡಿದರೆ ಇಲ್ಲಿ ಪುಟ ಮುಗಿದಿರುತ್ತೆ.

* ವಾಪಸ್ ಬಂದ ಮೇಲೆ ಶಾಲು, ಹಾರದ ಫೋಟೊ ಒಂದನ್ನೇ ಕಳಿಸಿ ಕೈತೊಳೆದುಕೊಳ್ಳಬೇಡಿ. ಅಲ್ಲಿ ಏನು ಕೇಳಿದಿರಿ, ಏನು ಉತ್ತರ ಸಿಕ್ಕಿತು, ಇಲ್ಲಿ ಮುಂದೇನು? ಈ ಮೂರನ್ನು ಹೇಳಿ. ಏನೂ ಸಿಗದಿದ್ದರೆ ಅದನ್ನೂ ಹೇಳಿ.

ಮೊದಲ ಸಲ ಪೇಪರ್‌ನಲ್ಲಿ ಬರದಿದ್ದರೆ ಬೇಜಾರಾಗಬೇಡಿ, ಇನ್ನೊಮ್ಮೆ ಫೋನ್ ಮಾಡಿ. ನಲ್ಲಿ ನೀರಿಗಾಗಿ ಜಗಳ ಆಡಿದವರಿಗೆ ಇದೇನು ಮಹಾ ಕಷ್ಟವೇ?