ರಿಜಿಸ್ಟರ್ ಗುಂಪು ಬದಲಾಯ್ಸೋದು ಸಣ್ಣ ಕೆಲ್ಸ ಅಲ್ಲ

ಬೇರೆಯೋರು ಬರ್ದ ಕೋಡ್ ಓದಿ ಒಪ್ಗೆ ಕೊಡೋದು ಕಾಗುಣಿತ ತಿದ್ದೋ ಕೆಲ್ಸ ಅಲ್ಲ ಕಣ್ರವ್ವ. "ಎನ್. ಬೇಗೂರಲ್ಲಿ ಕೂತ್ಕಂಡು ರಾತ್ರಿಯೆಲ್ಲ ಅದೇನ್ ನೋಡ್ತೀಯೆ?" ಅನ್ನೋ ಅತ್ತೆದೀರಿಗೆ, ಅಕ್ಕದೀರಿಗೆ ಇವತ್ತು ಹೇಳ್ಬುಡ್ತೀನಿ.

ಕಂಪ್ಯೂಟರಿನ ಪ್ರೊಸೆಸರ್ ಒಳಗೆ ರಿಜಿಸ್ಟರ್ ಅಂತ ಪುಟಾಣಿ ಜಾಗಗಳವೆ. ಲೆಕ್ಕ ಮಾಡೋವಾಗ ಬೇಕಾದ ಅಂಕಿ ಅಲ್ಲಿಟ್ಕತದೆ. 64 ಬಿಟ್‌ನ ಇಂಟೆಲ್ ಲ್ಯಾಪ್‌ಟಾಪಲ್ಲಿ ದಿನಬಳಕೆವೇ 16. ಪ್ರೋಗ್ರಾಮು ಕೆಟ್ಟು ನಿಂತ್ರೆ ಒಳಗೆ ಇಣುಕಿ ನೋಡೋಕೆ ಡೀಬಗ್ಗರ್ ಬೇಕು. 1986ರಲ್ಲಿ ಶುರುವಾದ ಜಿಡಿಬಿ ಅಂತದ್ದೊಂದು. ಅದು ರಿಜಿಸ್ಟರುಗಳನ್ನ ಗುಂಪು ಮಾಡ್ತದೆ: ದಿನಬಳಕೆಗೆ ಜನರಲ್, ದಶಮಾಂಶದ ಲೆಕ್ಕಕ್ಕೆ ಫ್ಲೋಟ್, ಒಂದೇ ಸಲ ಹಲವು ಲೆಕ್ಕಕ್ಕೆ ವೆಕ್ಟರ್. ‘ಇನ್ಫೋ ರಿಜಿಸ್ಟರ್ಸ್’ ಅಂದ್ರೆ ಫ್ಲೋಟು, ವೆಕ್ಟರು ತೋರ್ಸಲ್ಲ. ಒಗ್ಗರಣೆ ಡಬ್ಬಿ ಕೈಗೆ ಸಿಗಂಗೆ, ಹಬ್ಬದ ಪಾತ್ರೆ ಅಟ್ಟದ ಮೇಲೆ, ಹಂಗೆ.

ಈ ಗುಂಪು ಬದಲಾಯ್ಸೋ ಕೋಡ್ ಬಂದಾಗ ಎಷ್ಟೋ ಜನ ಪರದೆ ಮೇಲೆ ಸರಿಯಾಗಿ ಕಾಣ್ತದಾ ಅಂತಷ್ಟೇ ನೋಡಿ ಸೈ ಅಂದ್ಬುಡ್ತಾರೆ. ನಂಗೊಪ್ಪಲ್ಲ. ಸೇವ್, ರಿಸ್ಟೋರ್ ಅಂತ ಇನ್ನೆರಡು ಗುಂಪವೆ, ಅವು ಬರೀ ತೋರ್ಸೋಕಲ್ಲ. ನಿಂತಿರೋ ಪ್ರೋಗ್ರಾಮಲ್ಲಿ ನಾವೇ ಒಂದು ಫಂಕ್ಷನ್ ನಡ್ಸಿ ನೋಡಿದ್ರೆ, ಜಿಡಿಬಿ ಮೊದ್ಲು ಸೇವ್ ಗುಂಪಿನ ಅಂಕಿಗಳನ್ನ ಎತ್ತಿಟ್ಕತದೆ. ಮುಗುದ್ಮೇಲೆ ರಿಸ್ಟೋರ್ ಗುಂಪಿನವನ್ನ ಇದ್ದಂಗೇ ವಾಪಸ್ ಇಡ್ತದೆ. ಯಾವ್ದಾರ ರಿಜಿಸ್ಟರು ಈ ಗುಂಪಿಂದ ಜಾರಿದ್ರೆ, ಆ ಫಂಕ್ಷನ್ನು ಅದ್ನ ಬದಲಾಯ್ಸಿದ್ರೆ, ಹಳೇ ಅಂಕಿ ಹೋಯ್ತು. ತಪ್ಪು ಹುಡುಕ್ತಾ ಕೂತೋಳು ಇಲ್ದಿರೋ ತಪ್ಪಿನ ಹಿಂದೆ ಎರಡು ದಿನ ಅಲೀತಾಳೆ.

ಅದ್ಕೇ ಫಂಕ್ಷನ್ ನಡ್ಸೋ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡೂ ತಾಳೆ ನೋಡೋ ಪರೀಕ್ಷೆ ಜೊತೇಲಿಲ್ದೆ ಒಪ್ಗೆ ಕೊಡ್ಬಾರ್ದು. ನಿಧಾನ ಅಂತ ಬೈತಾರೆ, ಬೈಕಳ್ಳಿ ಬುಡಿ.