ಪಡಿಯಚ್ಚಿನಲ್ಲಿಯೇ ಕನ್ನಡ: ಸಾರ್ವಜನಿಕ ಗಣಕಗಳ ಪೂರ್ವವಿನ್ಯಾಸವನ್ನು ಕುರಿತು

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತ ಚರ್ಚೆ ಇದುವರೆಗೆ ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ನಡೆದಿದೆ: ಕೀಲಿಮಣೆ, ಅಕ್ಷರರೂಪ ಮತ್ತು ಸಂಕೇತೀಕರಣ. ಈ ಮೂರರಲ್ಲಿಯೂ ಗಣನೀಯವಾದ ಕೆಲಸವಾಗಿದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ರಾಜ್ಯ ಸರ್ಕಾರದ ಮನ್ನಣೆ ಪಡೆದು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಕಚೇರಿಗಳನ್ನು ತಲುಪಿತು. ಯೂನಿಕೋಡ್ ಕನ್ನಡಕ್ಕೆ ಜಾಗತಿಕವಾದ ಸಂಕೇತಸ್ಥಾನವನ್ನು ಒದಗಿಸಿತು. ಆದರೆ ಈ ಸಾಧನೆಗಳೆಲ್ಲ ಇದ್ದೂ ಒಂದು ಪ್ರಶ್ನೆ ಚರ್ಚೆಯ ಹೊರಗೇ ಉಳಿದಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಗ್ರಂಥಾಲಯದಲ್ಲಿ ಗಣಕವು ಬಳಕೆದಾರನ ಕೈಗೆ ಮೊದಲ ಬಾರಿಗೆ ಬರುವಾಗ ಯಾವ ಭಾಷೆಯಲ್ಲಿ ಕಣ್ಣು ತೆರೆಯುತ್ತದೆ, ಮತ್ತು ಅದನ್ನು ನಿರ್ಧರಿಸುವವರು ಯಾರು ಎಂಬುದೇ ಆ ಪ್ರಶ್ನೆ. ಮೇಲ್ನೋಟಕ್ಕೆ ಇದು ತಂತ್ರಜ್ಞರ ಕೆಲಸವೆಂದು ತೋರಿದರೂ, ಮೂಲತಃ ಭಾಷಾನೀತಿಯ ವಿಷಯವಾಗಿದೆ. ಕನ್ನಡ ವಿಭಾಗಗಳು ಇದರಿಂದ ದೂರ ಉಳಿಯುವುದು ಸಾಧುವಲ್ಲ.

೧

ಒಂದು ಸಂಸ್ಥೆಗೆ ನೂರಾರು ಗಣಕಗಳು ಬಂದಾಗ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸಜ್ಜುಗೊಳಿಸುವುದಿಲ್ಲ. ಒಂದು ಯಂತ್ರದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನೂ ಬೇಕಾದ ತಂತ್ರಾಂಶಗಳನ್ನೂ ಅಳವಡಿಸಿ, ಆ ಯಂತ್ರಕ್ಕೆ ಮಾತ್ರ ಸೇರಿದ ಗುರುತುಗಳನ್ನು ತೆಗೆದುಹಾಕಿ, ಉಳಿದುದನ್ನು ಇಡಿಯಾಗಿ ಒಂದು ಕಡತವಾಗಿ ಸೆರೆಹಿಡಿಯುತ್ತಾರೆ. ತಂತ್ರಜ್ಞರು ಇದನ್ನು 'ಇಮೇಜ್' ಎನ್ನುತ್ತಾರೆ. ಕನ್ನಡದಲ್ಲಿ 'ಪಡಿಯಚ್ಚು' ಎನ್ನಬಹುದು. ವಿಂಡೋಸ್‌ನಲ್ಲಿ ಗುರುತು ತೆಗೆಯುವ ಉಪಕರಣಕ್ಕೆ 'ಸಿಸ್‌ಪ್ರೆಪ್' ಎಂದು ಹೆಸರು. ಹೀಗೆ ಸಿದ್ಧವಾದ ಪಡಿಯಚ್ಚಿನಿಂದ ಉಳಿದೆಲ್ಲ ಯಂತ್ರಗಳೂ ರೂಪುಗೊಳ್ಳುತ್ತವೆ.

ಈ ಪಡಿಯಚ್ಚಿನೊಳಗೆ 'ಡೀಫಾಲ್ಟ್ ಪ್ರೊಫೈಲ್' ಎಂಬ ಒಂದು ಕಡತಕೋಶವಿರುತ್ತದೆ. ಇದನ್ನು ಬಳಕೆದಾರನ ಪೂರ್ವವಿನ್ಯಾಸ ಎಂದು ಕರೆಯಬಹುದು. ಹೊಸಬನೊಬ್ಬ ಮೊದಲ ಸಲ ಲಾಗಿನ್ ಆದಾಗ ಯಂತ್ರವು ಈ ಕೋಶವನ್ನು ನಕಲು ಮಾಡಿ ಅವನ ಹೆಸರಿನಲ್ಲಿ ಇಡುತ್ತದೆ. ಅವನ ಕೀಲಿಮಣೆ, ಪರದೆಯ ಭಾಷೆ, ದಿನಾಂಕದ ರೂಪ, ಬರೆವಣಿಗೆಯ ಅಕ್ಷರರೂಪ ಎಲ್ಲವೂ ಆ ನಕಲಿನಿಂದಲೇ ಬರುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ನಕಲು ಆದ ಮೇಲೆ ಮೂಲವನ್ನು ತಿದ್ದಿದರೂ ಈಗಾಗಲೇ ಲಾಗಿನ್ ಆದವರಿಗೆ ಅದು ತಲುಪುವುದಿಲ್ಲ.

ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಈ ವ್ಯವಸ್ಥೆ ಅಪರಿಚಿತವೆನಿಸಬೇಕಾಗಿಲ್ಲ. ಮಾತೃಪ್ರತಿಯಲ್ಲಿ ಬಿಟ್ಟುಹೋದ ಪದ್ಯವು ಅದರಿಂದ ಹುಟ್ಟಿದ ಯಾವ ಪ್ರತಿಯಲ್ಲಿಯೂ ದೊರೆಯುವುದಿಲ್ಲ. ಒಂದು ವ್ಯತ್ಯಾಸವಿದೆ: ಓಲೆಗರಿಯ ಲಿಪಿಕಾರನು ತನ್ನ ಅರಿವಿನಿಂದ ಅಲ್ಲಲ್ಲಿ ತಿದ್ದುತ್ತಿದ್ದನು, ಯಂತ್ರವು ತಿದ್ದುವುದಿಲ್ಲ. ಆದುದರಿಂದ ಪಡಿಯಚ್ಚಿನಲ್ಲಿ ಕನ್ನಡವಿಲ್ಲವೆಂದರೆ ಅದರ ಐನೂರು ಪ್ರತಿಗಳಲ್ಲಿಯೂ ಕನ್ನಡವಿಲ್ಲ.

೨

ಇದು ಕೇವಲ ಊಹೆಯಲ್ಲವೆಂಬುದಕ್ಕೆ ವಿಂಡೋಸ್ ಎಕ್ಸ್‌ಪಿಯ ಇತಿಹಾಸವೇ ಸಾಕ್ಷಿ. ೨೦೦೧ರಲ್ಲಿ ಬಿಡುಗಡೆಯಾದ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಯೂನಿಕೋಡ್ ಬೆಂಬಲವಿತ್ತು, 'ತುಂಗಾ' ಎಂಬ ಅಕ್ಷರರೂಪವಿತ್ತು, ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇತ್ತು. ಆದರೆ ಇವು ತಾವಾಗಿಯೇ ಸಕ್ರಿಯವಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಒಳಪುಟವೊಂದರಲ್ಲಿ ಸಂಕೀರ್ಣ ಲಿಪಿಗಳಿಗಾಗಿ ಇದ್ದ ಚಿಕ್ಕ ಚೌಕದಲ್ಲಿ ಗುರುತು ಹಾಕಿ, ಅನುಸ್ಥಾಪನೆಯ ಸಿ.ಡಿ.ಯನ್ನು ಒದಗಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕಾಗಿತ್ತು. ಸೈಬರ್ ಕೆಫೆಯ ಗ್ರಾಹಕನ ಬಳಿಯಾಗಲಿ ಕಾಲೇಜಿನ ವಿದ್ಯಾರ್ಥಿಯ ಬಳಿಯಾಗಲಿ ಆ ಸಿ.ಡಿ. ಇರುತ್ತಿರಲಿಲ್ಲ, ಯಂತ್ರವನ್ನು ತಿದ್ದುವ ಅಧಿಕಾರವೂ ಇರುತ್ತಿರಲಿಲ್ಲ. ಗುರುತು ಹಾಕದೆ ಸಿದ್ಧಪಡಿಸಿದ ಪಡಿಯಚ್ಚುಗಳಲ್ಲಿ ಕನ್ನಡದ ಪುಟಗಳು ಬರಿಯ ಚೌಕಗಳ ಸಾಲುಗಳಾಗಿ ಕಂಡವು. ೨೦೦೭ರಲ್ಲಿ ಬಂದ ವಿಸ್ತಾದಲ್ಲಿ ಈ ಬೆಂಬಲ ಮೊದಲಿನಿಂದಲೇ ಸಕ್ರಿಯವಾಯಿತು. ಎಂದರೆ ಕನ್ನಡವನ್ನು ಯಂತ್ರವು ಬಲ್ಲುದಾಗಿದ್ದೂ ಅದು ಜನರಿಗೆ ಸಲೀಸಾಗಿ ದಕ್ಕದೆ ಹೋದ ಆರು ವರ್ಷಗಳು ಒಂದು ಚೌಕದ ಕಾರಣದಿಂದ ಕಳೆದುಹೋದವು.

ಆ ಅವಧಿಯ ಪರಿಣಾಮ ಸಂಶೋಧನೆಯ ಮೇಲೆ ಇಂದಿಗೂ ಇದೆ. ಯೂನಿಕೋಡ್ ಕೈಗೆ ಸಿಗದಿದ್ದ ಕಡೆ ಡಿ.ಟಿ.ಪಿ. ಅಂಗಡಿಗಳೂ ವಿಭಾಗಗಳೂ ಹಳೆಯ ಸಂಕೇತದ ಫಾಂಟುಗಳನ್ನೇ ನೆಚ್ಚಿಕೊಂಡವು. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಹಾಗೆ ಸಿದ್ಧವಾದ ಮಹಾಪ್ರಬಂಧವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥಹೀನ ರೋಮನ್ ಸಾಲು ಮಾತ್ರ. ಶೋಧಗಂಗಾದಂತಹ ಭಂಡಾರಕ್ಕೆ ಅದನ್ನು ಏರಿಸಿದರೂ, ಅದರ ಒಳಗಿನ ಒಂದು ಪದವನ್ನು ಕನ್ನಡದಲ್ಲಿ ಹುಡುಕಿದರೆ ಅದು ಸಿಕ್ಕುವುದಿಲ್ಲ. ಸಂಶೋಧಕನ ಹಲವು ವರ್ಷಗಳ ಶ್ರಮ ಮುಂದಿನ ಸಂಶೋಧಕನಿಗೆ ಅಗೋಚರವಾಗುವುದು ಹೀಗೆ.

೩

ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳಲ್ಲಿ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗುತ್ತದೆ. ೧೮೦೯ರಲ್ಲಿ ಸ್ಥಾಪಿತವಾದ ದಂಡು ಬಹುಕಾಲ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ೧೯೪೯ರಲ್ಲಿ ನಗರದೊಂದಿಗೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಶಿವಾಜಿನಗರ ಹಾಗೂ ಹಲಸೂರಿನ ಬೀದಿಗಳಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಒಟ್ಟಿಗೆ ಬಾಳಿದವು. ಆದರೆ ಕಾಗದಪತ್ರದ ಭಾಷೆ ಇಂಗ್ಲಿಷ್ ಆಗಿತ್ತು. ಯಾರೂ ಆರಿಸದಿದ್ದರೂ ಎಲ್ಲರಿಗೂ ಅನ್ವಯವಾಗುವ ಭಾಷೆಯನ್ನೇ ಪೂರ್ವವಿನ್ಯಾಸವೆನ್ನುವುದಾದರೆ, ದಂಡಿಗೆ ಅದು ಗಣಕಕ್ಕಿಂತ ಮೊದಲೇ ಇತ್ತು.

ಇಂದು ಇದೇ ಪೂರ್ವಭಾಗದಲ್ಲಿ, ದೊಮ್ಮಲೂರಿನಿಂದ ವೈಟ್‌ಫೀಲ್ಡ್‌ವರೆಗಿನ ತಂತ್ರಾಂಶ ಸಂಸ್ಥೆಗಳಲ್ಲಿ, ಸಾವಿರಾರು ಗಣಕಗಳಿಗೆ ಪಡಿಯಚ್ಚು ತಯಾರಿಸಿ ಹಂಚುವುದು ನಿತ್ಯದ ಕಸುಬು. ಭಾರತೀಯ ಭಾಷೆಗಳ ಗಣಕೀಕರಣದಲ್ಲಿ ಹೆಸರಾದ ಸಿ-ಡ್ಯಾಕ್ ಸಂಸ್ಥೆಯ ಬೆಂಗಳೂರು ಕೇಂದ್ರ ಹಳೆಯ ಮದರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿದೆ. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರವಾದ ಕೃಷ್ಣರಾಜಪುರ ಸಿಗುತ್ತದೆ. ೨೦೦೧ರಲ್ಲಿ ಆರಂಭವಾದ 'ಭೂಮಿ' ಯೋಜನೆಯಿಂದಾಗಿ ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಗಣಕದಿಂದ, ಕನ್ನಡದಲ್ಲಿಯೇ ದೊರೆಯುವಂತಾಯಿತು. ಅಲ್ಲಿ ಕನ್ನಡ ನೆಲೆನಿಂತದ್ದು ನೌಕರನ ಅಭಿಮಾನದಿಂದಲ್ಲ. ತಂತ್ರಾಂಶದ ರಚನೆಯಲ್ಲಿಯೇ ಅದು ಇದ್ದುದರಿಂದ. ಆದರೆ ಆ ತಂತ್ರಾಂಶದ ಕಿಟಕಿಯಿಂದ ಹೊರಬಂದು ಅದೇ ನೌಕರನು ಒಂದು ಟಿಪ್ಪಣಿ ಬರೆಯಲು, ಕಡತಕ್ಕೆ ಹೆಸರಿಡಲು, ಹಳೆಯ ಪತ್ರ ಹುಡುಕಲು ಹೊರಟಾಗ ಪೂರ್ವವಿನ್ಯಾಸದಲ್ಲಿ ಕನ್ನಡವಿಲ್ಲದಿದ್ದರೆ, ೧೯೬೩ರ ರಾಜಭಾಷಾ ಅಧಿನಿಯಮ ಅವನ ಕೀಲಿಮಣೆಯನ್ನು ತಲುಪುವುದಿಲ್ಲ.

ಇಲ್ಲೊಂದು ಆಕ್ಷೇಪವನ್ನು ಪರಿಶೀಲಿಸಬೇಕು. ದಂಡಿನಂತಹ ಬಹುಭಾಷಿಕ ಪ್ರದೇಶದಲ್ಲಿ ಕನ್ನಡವನ್ನು ಪೂರ್ವವಿನ್ಯಾಸವಾಗಿಸುವುದು ಹೇರಿಕೆಯಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ನ್ಯಾಯವಾದುದೇ ಆದರೂ ಪೂರ್ವವಿನ್ಯಾಸದ ಸ್ವರೂಪವನ್ನು ತಪ್ಪಾಗಿ ತಿಳಿಯುತ್ತದೆ. ಪೂರ್ವವಿನ್ಯಾಸವೆಂದರೆ ಕಡ್ಡಾಯವಲ್ಲ. ಒಂದೇ ಪಡಿಯಚ್ಚಿನಲ್ಲಿ ಕನ್ನಡ, ಇಂಗ್ಲಿಷ್, ಉರ್ದು, ತಮಿಳು ಕೀಲಿಮಣೆಗಳನ್ನು ಕೂಡಿಸಿಡಲು ಹೆಚ್ಚಿನ ವೆಚ್ಚವಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ಕೀಲಿಗಳನ್ನು ಒತ್ತಿದರೆ ಸಾಕು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಈ ನೆಲಕ್ಕೆ ಬಹುಭಾಷಿಕತೆ ಹೊಸತಲ್ಲ. ಪ್ರಸ್ತುತ ಸ್ಥಿತಿಯಲ್ಲಿ ಇಂಗ್ಲಿಷೊಂದೇ ಕೇಳದೆ ಬರುತ್ತದೆ, ಉಳಿದೆಲ್ಲ ಭಾಷೆಗಳನ್ನು ಅರಿತು ಕೇಳಬೇಕು. ಕನ್ನಡಕ್ಕಾಗಿ ಮಾಡುವ ಸಿದ್ಧತೆ ಶಿವಾಜಿನಗರದ ಉರ್ದು ಮಾಧ್ಯಮದ ವಿದ್ಯಾರ್ಥಿಗೂ ಹಲಸೂರಿನ ತಮಿಳು ಓದುಗನಿಗೂ ದಾರಿ ತೆರೆಯುತ್ತದೆ.

ಬಳಕೆದಾರನೇ ಭಾಷೆಯನ್ನು ಆರಿಸಿಕೊಳ್ಳಬಹುದಲ್ಲ ಎಂಬುದು ಇನ್ನೊಂದು ವಾದ. ಸ್ವಂತ ಯಂತ್ರವುಳ್ಳವರಿಗೆ ಇದು ಒಪ್ಪಬಹುದಾದ ಮಾತು. ಸಾರ್ವಜನಿಕ ಯಂತ್ರಗಳಲ್ಲಿ ವಿನ್ಯಾಸ ಬದಲಿಸುವ ಅಧಿಕಾರ ಬಳಕೆದಾರನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅನೇಕ ಕಡೆ ಅವನು ಹೊರಟೊಡನೆ ಅವನ ಪ್ರೊಫೈಲ್ ಅಳಿಸಿಹೋಗುತ್ತದೆ. ಸ್ವಂತ ಗಣಕವಿಲ್ಲದ ವಿದ್ಯಾರ್ಥಿಗೆ ಪ್ರಯೋಗಾಲಯದ ಪೂರ್ವವಿನ್ಯಾಸವೇ ಅಂತಿಮ ವಿನ್ಯಾಸವಾಗಿರುತ್ತದೆ.

೪

ಪಡಿಯಚ್ಚನ್ನು ಸಾರ್ವಜನಿಕ ನೀತಿಯಾಗಿ ಗ್ರಹಿಸಿದ ನಿದರ್ಶನ ನೆರೆಯಲ್ಲಿಯೇ ಇದೆ. ಕೇರಳದ ಐಟಿ@ಸ್ಕೂಲ್ ಯೋಜನೆ ೨೦೧೭ರಲ್ಲಿ 'ಕೈಟ್' ಸಂಸ್ಥೆಯಾಗಿ ರೂಪಾಂತರಗೊಂಡಿತು. ಶಾಲೆಗಳಿಗೆಂದೇ ಲಿನಕ್ಸ್ ಆಧಾರಿತ ವ್ಯವಸ್ಥೆಯೊಂದನ್ನು ಅದು ಸಿದ್ಧಪಡಿಸಿ ಹಂಚುತ್ತ ಬಂದಿದೆ. ೨೦೧೯ರ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗಾಗಿ ಸಿದ್ಧಪಡಿಸಲಾಯಿತು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಇದೇ ವ್ಯವಸ್ಥೆಯ ಒಳಗಿವೆ. ಅವುಗಳಿಗೆ ಗಣಕ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಪ್ರಕಟವಾಗುತ್ತವೆ. ಮಕ್ಕಳು ತೆರೆಯುವ ಪರದೆ ಹೇಗಿರಬೇಕೆಂಬುದನ್ನು ಮಾರಾಟಗಾರನಿಗೆ ಬಿಡದೆ ಶಿಕ್ಷಣ ವ್ಯವಸ್ಥೆಯೇ ನಿರ್ಧರಿಸಿತೆಂಬುದು ಇಲ್ಲಿನ ಮುಖ್ಯ ಸಂಗತಿ. ಸಿ-ಡ್ಯಾಕ್ ೨೦೦೭ರಲ್ಲಿ ಹೊರತಂದ 'ಬಾಸ್' ಲಿನಕ್ಸ್ ಕೂಡ ಕನ್ನಡವನ್ನು ಒಳಗೊಂಡಿದೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯು 'ಕಗಪ' ಎಂಬ ಹೆಸರಿನಿಂದಲೇ ಲಿನಕ್ಸ್‌ನ ಸಾಮಾನ್ಯ ಕೀಲಿಮಣೆಗಳ ಸಂಗ್ರಹದಲ್ಲಿ ಸೇರಿದ್ದು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ವಿನ್ಯಾಸವನ್ನು ಅಳವಡಿಸಲಾಗಿದೆ. ವಿಂಡೋಸ್‌ನಲ್ಲಿ ೨೦೧೯ರಿಂದ ಕನ್ನಡಕ್ಕೆ ಧ್ವನ್ಯಾತ್ಮಕ ಕೀಲಿಮಣೆ ದೊರೆಯುತ್ತದೆ. ಹೀಗಿರುವಾಗ ಸಾಮಗ್ರಿಯ ಅಭಾವವನ್ನು ಕಾರಣವಾಗಿ ಹೇಳುವಂತಿಲ್ಲ.

೫

ಇನ್ನು ಕನ್ನಡ ವಿಭಾಗಗಳ ಪಾತ್ರ. ಪಡಿಯಚ್ಚನ್ನು ಸೆರೆಹಿಡಿಯುವ ಮುನ್ನ ಅದನ್ನು ಭಾಷೆ ಬಲ್ಲವರೊಬ್ಬರು ಪರೀಕ್ಷಿಸಬೇಕೆಂಬುದು ಮೊದಲ ಬೇಡಿಕೆಯಾಗಬೇಕು. ಏಕೆಂದರೆ ತಂತ್ರಜ್ಞನ ಕಣ್ಣಿಗೆ ಬೀಳದ ದೋಷಗಳಿವೆ. ಹಳಗನ್ನಡ ಪಠ್ಯಗಳಿಗೆ ೞ ಮತ್ತು ಱ ಅನಿವಾರ್ಯ. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಫಕಾರವನ್ನು ಸೂಚಿಸುವ ತಪ್ಪು ಹೆಸರು ಸೇರಿಕೊಂಡು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹಾಗೆಯೇ ಉಳಿದಿದೆ. ಹೆಸರನ್ನು ನಂಬಿದವನಿಗೆ ಆ ಅಕ್ಷರ ಸಿಕ್ಕುವುದಿಲ್ಲ. ನಕಾರಪೊಲ್ಲು ಯೂನಿಕೋಡಿಗೆ ಸೇರಿದ್ದು ೨೦೨೧ರಲ್ಲಿ. ಅದಕ್ಕಿಂತ ಹಳೆಯ ಅಕ್ಷರರೂಪಗಳಷ್ಟೇ ಇರುವ ಪಡಿಯಚ್ಚಿನಲ್ಲಿ ಅದು ಕಾಣದು. ಆದುದರಿಂದ ಒಮ್ಮೆ ಸಿದ್ಧಪಡಿಸಿದರೆ ಮುಗಿಯಿತೆನ್ನುವಂತಿಲ್ಲ, ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು.

ಎರಡನೆಯದು, ಬೇಕಾದುದನ್ನು ಸ್ಪಷ್ಟವಾಗಿ ಬರೆದುಕೊಡುವುದು. 'ಕನ್ನಡ ಇರಬೇಕು' ಎಂಬ ಒಂದು ಸಾಲು ಸಾಲದು. ಕಗಪ ಮಾದರಿ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆಗಳು, ಒಂದಕ್ಕಿಂತ ಹೆಚ್ಚು ಯೂನಿಕೋಡ್ ಅಕ್ಷರರೂಪಗಳು, ಬರೆವಣಿಗೆಯ ತಂತ್ರಾಂಶ ತೆರೆದೊಡನೆ ಯೂನಿಕೋಡ್ ಕನ್ನಡದಲ್ಲಿಯೇ ಅಕ್ಷರ ಮೂಡುವ ಏರ್ಪಾಡು, ಕನ್ನಡದ ಅಕಾರಾದಿ, ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕ, ಇವು ಪಡಿಯಚ್ಚಿನೊಳಗೇ ಇರಬೇಕು. ಸೂಕ್ಷ್ಮವೊಂದನ್ನು ಮರೆಯಬಾರದು. ವಿಂಡೋಸ್‌ನಲ್ಲಿ ಈ ವಿನ್ಯಾಸವನ್ನು ಸ್ವಾಗತ ಪರದೆಗೆ ನಕಲಿಸುವ ಚೌಕ ಬೇರೆ, ಹೊಸ ಖಾತೆಗಳಿಗೆ ನಕಲಿಸುವ ಚೌಕ ಬೇರೆ. ಉತ್ಸಾಹದಿಂದ ಎರಡಕ್ಕೂ ಕನ್ನಡ ಕೀಲಿಮಣೆಯನ್ನು ಮುಂದಿಟ್ಟರೆ, ರೋಮನ್ ಅಕ್ಷರಗಳ ಗುಪ್ತಪದ ಕನ್ನಡದಲ್ಲಿ ಮೂಡಿ ಲಾಗಿನ್ ವಿಫಲವಾಗುತ್ತದೆ. ಅದರ ದೂಷಣೆ ಕನ್ನಡದ ತಲೆಗೆ ಬರುತ್ತದೆ. ಸ್ವಾಗತ ಪರದೆಯಲ್ಲಿ ಇಂಗ್ಲಿಷ್ ಕೀಲಿಮಣೆ, ಖಾತೆಯೊಳಗೆ ಕನ್ನಡ ಎಂಬ ವಿಭಜನೆ ಸರಿಯಾದುದು.

ಮೂರನೆಯದು ಸಕಾಲಿಕತೆ. ಈಗಾಗಲೇ ತೆರೆದ ಖಾತೆಗಳನ್ನು ಹೊಸ ಪೂರ್ವವಿನ್ಯಾಸ ತಲುಪದಾದ್ದರಿಂದ, ಯಂತ್ರಗಳು ಪ್ರಯೋಗಾಲಯಕ್ಕೆ ಬಂದ ಮೇಲೆ ಮನವಿ ಸಲ್ಲಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಖರೀದಿಯ ಟೆಂಡರು ಸಿದ್ಧವಾಗುವ ಹಂತದಲ್ಲಿಯೇ ವಿಭಾಗದ ಪ್ರತಿನಿಧಿಯೊಬ್ಬರು ಆ ಸಮಿತಿಯಲ್ಲಿರಬೇಕು. ಗಣಕ ವಿಜ್ಞಾನ ವಿಭಾಗದವರ ಜೊತೆ ಒಂದು ದಿನ ಕುಳಿತು ಮಾದರಿ ಯಂತ್ರದಲ್ಲಿ ಒಂದು ಪುಟ ಬರೆದು, ಒಂದು ಪದಪಟ್ಟಿ ವಿಂಗಡಿಸಿ, ಒಂದು ಹಳೆಯ ಕಡತ ತೆರೆದು ನೋಡಿದರೆ ಪರೀಕ್ಷೆ ಮುಗಿಯುತ್ತದೆ. ಅಷ್ಟು ಶ್ರಮದಿಂದ ಒಂದು ಕಾಲೇಜಿನ ಎಲ್ಲ ಯಂತ್ರಗಳೂ ಹಲವು ವರ್ಷಗಳ ಕಾಲ ಕನ್ನಡದಲ್ಲಿ ತೆರೆದುಕೊಳ್ಳುತ್ತವೆ. ಕನ್ನಡದ ಬಳಕೆ ಕುಗ್ಗುತ್ತಿದೆಯೆಂಬ ದೂರನ್ನು ವಿಚಾರಗೋಷ್ಠಿಗಳಲ್ಲಿ ಮತ್ತೆ ಮತ್ತೆ ದಾಖಲಿಸುವುದಕ್ಕಿಂತ ಈ ಒಂದು ದಿನದ ಕೆಲಸವನ್ನು ವಿಭಾಗಗಳು ತಮ್ಮ ಹೊಣೆಯೆಂದು ಒಪ್ಪಿಕೊಳ್ಳುವುದು ಹೆಚ್ಚು ಫಲಕಾರಿ.