ಎಗರಾಡೋ ರೆಕಾರ್ಡಿಂಗು: ಅಳಿಸೋ ಮೊದಲು ಒಂದು ಮಾತು

ಬಹಳ ದಿನ ಆಯ್ತು ಈ ಕಡೆ ಬಂದು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :) ಮೊನ್ನೆ ಊರಿಗೆ, ಅಂದ್ರೆ ರಬಕವಿಗೆ, ಹೋದಾಗ ಕಾಕಾ ಕೇಳಿದ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ. ಅದಕ್ಕೇ ಈ ಬರಹ.

"ತಮ್ಮಾ, ಅವತ್ತ ಟೀವಿದಾಗ ನಮ್ಮ ಪಾರಿಜಾತ ಬಂದಿತ್ತಲ್ಲ, ನಿನ್ನ ಕಂಪ್ಯೂಟರಿನ್ಯಾಗ ಇನ್ನೂ ಐತೇನು?"

ಐತಿ. ಆದರೆ ಅರ್ಧ ಐತಿ. ಉಳಿದರ್ಧವನ್ನು ನಾನೇ ಕೈಯಾರೆ ಕೊಂದೆ.

2008ರ ಮಾತು. ಶ್ರೀಕೃಷ್ಣ ಪಾರಿಜಾತ ನಮ್ಮ ಕಡೆಯ ಆಟ, ನಿಮಗೆ ಗೊತ್ತಿರಬಹುದು. ಬೆಳತನಕ ನಡೆಯುತ್ತೆ. ಭಾಮೆ, ರುಕ್ಮಿಣಿ, ದೂತಿ ಎಲ್ಲಾ ಬರ್ತಾರೆ. ಕಾಕಾನ ಮೇಳದಲ್ಲಿ ಪೇಟಿ ಅವನದೇ. ಅವರ ಆಟ ಚಂದನದಲ್ಲಿ ಒಂದು ತಾಸು ಬಂತು. ಮನೆ ಮಾಳಿಗೆ ಮೇಲೆ ಡಿಡಿ ಡೈರೆಕ್ಟ್ ಪ್ಲಸ್ ತಟ್ಟೆ (2004ರ ಡಿಸೆಂಬರಿನಲ್ಲಿ ಶುರುವಾಗಿದ್ದು, ಈಗಿನ ಡಿಡಿ ಫ್ರೀ ಡಿಶ್), ಕೆಳಗೆ ಜಮಖಂಡಿಯಲ್ಲಿ ಜೋಡಿಸಿ ತಂದ ಕಂಪ್ಯೂಟರು, ಅದರೊಳಗೆ ಒಂದು ಡಿವಿಬಿ ಕಾರ್ಡು. ರೆಕಾರ್ಡ್ ಮಾಡಿದೆ. 1.8 ಜಿಬಿ ಫೈಲು ಆಯ್ತು.

ಹಚ್ಚಿ ನೋಡಿದರೆ ಚಿತ್ರ ಎಗರಾಡುತ್ತೆ! ಕಾಕಾನ ಬೆರಳು ಪೇಟಿ ಮೇಲೆ ಓಡುವಾಗ ಅದರ ಅಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಕಂಪ್ಯೂಟರ್ ಅಂಗಡಿಯವರು "ರ್‍ಯಾಮ್ ಹಾಕಸ್ರಿ ಸರ" ಅಂದರು. ಹಾಕಿಸಿದೆ. ರೊಕ್ಕ ಹೋಯ್ತು, ಎಗರಾಟ ಹೋಗಲಿಲ್ಲ. ಮುಧೋಳದ ಗೆಳೆಯನೊಬ್ಬ "ಎವಿಐ ಮಾಡಿಬಿಡು, ಸೈಜೂ ಕಡಿಮಿ ಆಕ್ಕೈತಿ" ಅಂದ. ಮಾಡಿದೆ. 80 ಜಿಬಿ ಡಿಸ್ಕು ತುಂಬಿತ್ತು ನೋಡಿ, ಮೂಲ ಫೈಲು ಅಳಿಸಿಬಿಟ್ಟೆ.

ಆಮೇಲೆ ಗೊತ್ತಾಯ್ತು, ಆ ಮೂಲ ಫೈಲಿಗೆ ಏನೂ ಆಗಿರಲಿಲ್ಲ!

ಆ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರ ಬರುತ್ತಿದ್ದವು, ಆದರೆ ಒಂದೊಂದೂ ಎರಡು ಅರ್ಧವಾಗಿ. ಮೊದಲು ಒಂದು ಬಿಟ್ಟು ಒಂದು ಸಾಲು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಮಿಕ್ಕ ಸಾಲುಗಳು. ಹಳೇ ಡಬ್ಬಾ ಟೀವಿ ಅದನ್ನು ಹಾಗೇ ಒಂದರ ಹಿಂದೆ ಒಂದು ತೋರಿಸುತ್ತಿತ್ತು. ಕಂಪ್ಯೂಟರು ಎರಡನ್ನೂ ಒಂದೇ ಸಲ ಪರದೆಗೆ ಅಂಟಿಸುತ್ತೆ. ನಿಂತಿರೋದು ಚೆನ್ನಾಗೇ ಕಾಣುತ್ತೆ, ಓಡೋದಕ್ಕೆ ಹಲ್ಲು ಮೂಡುತ್ತೆ. ವಿಎಲ್‌ಸಿಯಲ್ಲಿ ಡಿ-ಇಂಟರ್‌ಲೇಸ್ ಹಚ್ಚಿದರೆ, ಅದರಲ್ಲೂ 'ಯಾಡಿಫ್ 2ಎಕ್ಸ್' ಆರಿಸಿದರೆ, 50 ಚಿತ್ರವೂ ಬಿಡಿಬಿಡಿಯಾಗಿ ಬರುತ್ತವೆ. ಪರದೆಯ ರಿಫ್ರೆಶ್ 60 ಇದ್ದರೆ 50ಕ್ಕೂ ಅದಕ್ಕೂ ಲೆಕ್ಕ ಕೂಡದೆ ಸ್ವಲ್ಪ ತಡವರಿಸುತ್ತೆ. 50ಕ್ಕೆ ಇಳಿಸಲು ಬಂದರೆ ಅದೂ ಹೋಗುತ್ತೆ. ನಾನು ಮಾಡಿದ ಎವಿಐನಲ್ಲಿ ಎರಡು ಅರ್ಧವೂ ಕಲಸಿ ಒಂದಾಗಿವೆ. ಇನ್ನು ಯಾವ ಮದ್ದಿಗೂ ಅವು ಬೇರೆಯಾಗುವುದಿಲ್ಲ.

ಬೀಳಗಿಯ ಗೆಳೆಯನ ರೆಕಾರ್ಡಿಂಗಿನ ರೋಗ ಬೇರೆ. ಅವನದರಲ್ಲಿ ಚೌಕ ಚೌಕ ಒಡೆದು, ದನಿಯೂ ಕತ್ತರಿಸುತ್ತಿತ್ತು. ಎಷ್ಟು ಸಲ ಹಚ್ಚಿದರೂ ಅದೇ ಜಾಗದಲ್ಲಿ. ಅದು ನಿಜವಾದ ನಷ್ಟ. ಆಕಾಶದಿಂದ ಬರೋ ಮಾಹಿತಿ 188 ಬೈಟಿನ ಪೊಟ್ಟಣಗಳಲ್ಲಿ ಬರುತ್ತೆ. ಚಿಕ್ಕಪುಟ್ಟ ತಪ್ಪನ್ನು ರಿಸೀವರೇ ತಿದ್ದಿಕೊಳ್ಳುತ್ತೆ, ಮಿತಿ ದಾಟಿದರೆ ಪೊಟ್ಟಣವೇ ಹಾಳು. ಕಾರಣ ಜೋರು ಮಳೆ ಇರಬಹುದು, ತಟ್ಟೆಯ ಕೇಬಲ್ ತುದಿಗೆ ನೀರು ಹೊಕ್ಕು ಜಂಗು ಹಿಡಿದಿರಬಹುದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇನ್ನೊಂದು ಕಾಟ ಇತ್ತು. ಡಿಸ್ಕಿನಲ್ಲಿ ಪದೇ ಪದೇ ತಪ್ಪಾದರೆ ಅದು ತಾನಾಗೇ ಡಿಎಂಎ ಬಿಟ್ಟು ಪಿಐಒಗೆ ಇಳಿದು, ಬರೆಯೋ ವೇಗವೇ ಬಿದ್ದುಹೋಗುತ್ತಿತ್ತು. ಇವನ್ನೆಲ್ಲ ಸರಿ ಮಾಡಿದರೆ ಮುಂದಿನ ರೆಕಾರ್ಡಿಂಗು ನೆಟ್ಟಗಾಗುತ್ತೆ. ಹೋದ ಪೊಟ್ಟಣ ಮಾತ್ರ ಹೋದ ಹಾಗೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಯಾವ ರೋಗ ಅಂತ ಗೊತ್ತಾಗೋ ತನಕ ಮದ್ದು ಬೇಡ, ಅಳಿಸೋದಂತೂ ಬೇಡವೇ ಬೇಡ. ಮೊದಲು ಕಿವಿಗೊಟ್ಟು ಕೇಳಿ. ದನಿ ನೆಟ್ಟಗಿದ್ದು ಚಿತ್ರ ಮಾತ್ರ ಎಗರಿದರೆ ಬಹುಪಾಲು ತೋರಿಸೋದರಲ್ಲೇ ತಪ್ಪು. ದನಿ-ಚಿತ್ರ ಎರಡೂ ಅದೇ ಜಾಗದಲ್ಲಿ ಒಡೆದರೆ ಫೈಲಿನಲ್ಲೇ ತೂತು. ಬೇರೆ ಕಂಪ್ಯೂಟರಿನಲ್ಲೂ ಹಚ್ಚಿ ನೋಡಿ. ಟಿಎಸ್ ಫೈಲನ್ನು ಹಾಗೇ ಇಟ್ಟುಕೊಳ್ಳಿ. ನಡುವೆ ಕರೆಂಟು ಹೋದರೂ ಅಲ್ಲಿತನಕದ್ದು ನೋಡಲು ಸಿಗೋದು ಅದರ ಇನ್ನೊಂದು ಗುಣ. ಚಿಕ್ಕದು ಬೇಕಾದರೆ ನಕಲು ಮಾಡಿಕೊಳ್ಳಿ, ಮೂಲ ಇರಲಿ. ಆಗ ಡಿಸ್ಕಿಗೆ ದುಡ್ಡಿರಲಿಲ್ಲ ಅನ್ನೋ ನೆಪ ನನಗಿತ್ತು. ಈಗ 1.8 ಜಿಬಿ ಯಾವ ಲೆಕ್ಕ?

"ಎಲ್ಲಾ ಯೂಟ್ಯೂಬಿನಲ್ಲಿ ಸಿಗುತ್ತೆ ಬಿಡೋ" ಅಂತೀರಾ? ಹುಡುಕಿದ್ದೇನೆ. ಕಾಕಾನ ಆಟ ಸಿಗಲಿಲ್ಲ. ದೊಡ್ಡವರದ್ದನ್ನು ಹತ್ತು ಜನ ಇಟ್ಟಿರ್ತಾರೆ. ನಮ್ಮ ಊರಿನ ಮೇಳದ್ದನ್ನು ನಾವಲ್ಲದೆ ಇನ್ಯಾರು ಇಡ್ತಾರೆ?

ಕಾಕಾನಿಗೆ ಈಗ ಬೆರಳು ಮಡಚಲು ಬರುವುದಿಲ್ಲ, ಪೇಟಿ ಬಿಟ್ಟು ವರ್ಷಗಳಾದವು. ಆ ಎವಿಐ ಹಚ್ಚಿ ತೋರಿಸಿದೆ. ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದ.

"ಬೆರಳ ಕಾಣವಲ್ಲವಲ್ಲೋ ತಮ್ಮಾ... ಇರ್ಲಿ ಬಿಡು, ದನಿ ಚಲೋ ಐತಿ" ಅಂದು ಗೋಡೆಗೆ ಒರಗಿ ಪೂರ್ತಿ ಕೇಳಿದ.

ನಿಮ್ಮ ಅಟ್ಟದ ಮೇಲೂ ಆ ಕಾಲದ ಡಿಸ್ಕು ಇದ್ದೀತು. ಇಳಿಸಿ ನೋಡಿ. "ಕೆಟ್ಟಿದೆ" ಅಂತ ಮೂಲೆಗೆ ಸೇರಿಸಿದ ಫೈಲು ಕೆಟ್ಟೇ ಇಲ್ಲದಿರಬಹುದು. ಏನು ಸಿಕ್ತು ಅಂತ ಕಾಮೆಂಟಿನಲ್ಲಿ ಹೇಳ್ತೀರಲ್ಲ?